ಡೇಟಾಬೇಸ್ ಇಡಲು ಬೇರೆ ಸಾಫ್ಟ್‌ವೇರ್ ಬೇಕೇ? ಯಾವಾಗ ಬೇಡ, ಯಾವಾಗ ಬೇಕೇ ಬೇಕು

ಕಡ್ಡಾಯವಾಗಿ ಬೇಕು ಅಂತೇನಿಲ್ಲ. ಒಂದು ಕ್ರಮದಲ್ಲಿ ಜೋಡಿಸಿಟ್ಟ, ಬೇಕೆಂದಾಗ ಹುಡುಕಿ ತೆಗೆಯಬಹುದಾದ ಮಾಹಿತಿಯೇ ಡೇಟಾಬೇಸ್. ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಬೇರೆ, ಅದರ ಹೆಸರು ಡೇಟಾಬೇಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಡಿಬಿಎಂಎಸ್. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಒರಾಕಲ್ ಎಲ್ಲವೂ ಡಿಬಿಎಂಎಸ್‌ಗಳು. ಮಾತಿನಲ್ಲಿ ಎರಡನ್ನೂ ‘ಡೇಟಾಬೇಸ್’ ಅಂತಲೇ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ಗ್ರಂಥಾಲಯದ ಡ್ರಾಯರ್‌ಗಳಲ್ಲಿ ಅಕಾರಾದಿಯಾಗಿ ಜೋಡಿಸಿಟ್ಟ ಕಾರ್ಡುಗಳೂ ಡೇಟಾಬೇಸೇ. ಯುನಿಕ್ಸ್, ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಬಳಕೆದಾರರ ಪಟ್ಟಿ ಇರುವ ‘ಪಾಸ್‌ಡಬ್ಲ್ಯೂಡಿ’ ಫೈಲ್ ಬರೀ ಟೆಕ್ಸ್ಟ್: ಒಬ್ಬರಿಗೆ ಒಂದು ಸಾಲು, ಸಾಲಿನಲ್ಲಿ ಕೋಲನ್ ಹಾಕಿ ಬೇರ್ಪಡಿಸಿದ ಏಳು ಕಾಲಂ. ದಶಕಗಳಿಂದ ಇದು ಯಾವ ಡಿಬಿಎಂಎಸ್ ಇಲ್ಲದೆಯೂ ನಡೆದುಕೊಂಡು ಬಂದಿದೆ.

ಆದರೆ ಆ ಫೈಲನ್ನು ಕೈಯಿಂದ ತಿದ್ದುವವರಿಗೆಂದೇ ‘ವಿಐಪಿಡಬ್ಲ್ಯೂ’ ಎಂಬ ಪುಟ್ಟ ಕಮಾಂಡ್ ಇದೆ. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಕೈ ಹಾಕದಂತೆ ಅದು ಫೈಲಿಗೆ ಬೀಗ ಹಾಕುತ್ತದೆ. ವಿಷಯದ ತಿರುಳು ಇಲ್ಲೇ ಇದೆ. ಡಿಬಿಎಂಎಸ್ ಬೇಡ ಅಂದರೆ ಅದು ಮಾಡುತ್ತಿದ್ದ ಕೆಲಸವೂ ಬೇಡ ಅಂತಲ್ಲ. ಆ ಕೆಲಸ ನಿಮ್ಮ ಮೇಲೆ, ನೀವು ಬರೆಯುವ ಸ್ಕ್ರಿಪ್ಟ್ ಮೇಲೆ, ಇಲ್ಲವೇ ಎಂಟ್ರಿ ಮಾಡುವವರ ಶಿಸ್ತಿನ ಮೇಲೆ ಬೀಳುತ್ತದೆ. ಹಾಗಾಗಿ ಯಾವ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನು ಮೊದಲು ನೋಡಿ, ಸಾಫ್ಟ್‌ವೇರಿನ ಹೆಸರು ಆಮೇಲೆ.

ಡಿಬಿಎಂಎಸ್ ಮಾಡುವ ಕೆಲಸಗಳು

ಒಂದು ಉದಾಹರಣೆಯನ್ನೇ ಕೊನೆಯವರೆಗೂ ಇಟ್ಟುಕೊಳ್ಳೋಣ: ಪುಸ್ತಕಗಳನ್ನು ಎರವಲು ಕೊಡುವ ಒಂದು ಗ್ರಂಥಾಲಯ. ಪುಸ್ತಕಗಳ ಪಟ್ಟಿ, ಸದಸ್ಯರ ಪಟ್ಟಿ, ಯಾವ ಪುಸ್ತಕ ಯಾರ ಹತ್ತಿರ ಇದೆ ಎಂಬ ಎರವಲು ಪಟ್ಟಿ, ಹೀಗೆ ಮೂರು.

ಇಬ್ಬರು ಒಟ್ಟಿಗೆ ಬರೆಯಲು ಬಂದರೆ ಡಿಬಿಎಂಎಸ್ ಅವರನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಪುಸ್ತಕ ವಾಪಸ್ ಬಂದಾಗ ಎರವಲು ಸಾಲನ್ನು ಮುಚ್ಚಬೇಕು, ದಂಡವಿದ್ದರೆ ಸದಸ್ಯರ ಲೆಕ್ಕಕ್ಕೆ ಸೇರಿಸಬೇಕು. ಮೊದಲನೆಯದು ಮುಗಿದು ಎರಡನೆಯದರ ನಡುವೆ ಕರೆಂಟ್ ಹೋದರೆ ಅದು ಎರಡನ್ನೂ ರದ್ದು ಮಾಡಿ ಮೊದಲಿನ ಸ್ಥಿತಿಗೆ ತರುತ್ತದೆ, ಅರ್ಧಂಬರ್ಧ ಉಳಿಸುವುದಿಲ್ಲ. ಇದಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ ಸದಸ್ಯರ ಹೆಸರಿಗೆ ಪುಸ್ತಕ ಕೊಡಲು ಹೋದರೆ ತಡೆಯುತ್ತದೆ. ಇಂಡೆಕ್ಸ್, ಅಂದರೆ ವಿಂಗಡಿಸಿದ ಸೂಚಿ, ಇಟ್ಟುಕೊಂಡು ಬೇಗ ಹುಡುಕುತ್ತದೆ: ವಿಂಗಡಿಸಿದ 10 ಲಕ್ಷ ಸಾಲುಗಳಲ್ಲಿ ಒಂದನ್ನು ಹುಡುಕಲು ಸುಮಾರು 20 ಹೋಲಿಕೆ ಸಾಕು, ಇಂಡೆಕ್ಸ್ ಇಲ್ಲದಿದ್ದರೆ ಸರಾಸರಿ 5 ಲಕ್ಷ. ಯಾರು ಏನು ನೋಡಬಹುದು, ಏನು ಬದಲಿಸಬಹುದು ಅನ್ನುವುದನ್ನೂ ದೊಡ್ಡ ಡಿಬಿಎಂಎಸ್‌ಗಳು ನಿಗಾ ಇಡುತ್ತವೆ.

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ

ಒಂದೇ ಹೊತ್ತಿಗೆ ಎಷ್ಟು ಜನ, ಎಷ್ಟು ಪ್ರೋಗ್ರಾಂ ಬರೆಯುತ್ತಾರೆ? ಓದುವವರ ಲೆಕ್ಕ ಬೇಡ, ಬರೆಯುವವರದ್ದು ಮಾತ್ರ.

ಪಟ್ಟಿಗಳು ಒಂದನ್ನೊಂದು ಅವಲಂಬಿಸಿವೆಯೇ? ಒಂಟಿ ಪಟ್ಟಿಗೆ ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ ಸಾಕು. ಮೂರು ಪಟ್ಟಿಗಳು ಪರಸ್ಪರ ಸರಿಹೊಂದಿರಲೇಬೇಕು ಅಂದರೆ ಕಷ್ಟ ಶುರು.

ಅರ್ಧ ಬರೆದು ನಿಂತರೆ ಏನು ಹಾನಿ? ಓದಬೇಕಾದ ಪುಸ್ತಕಗಳ ಪಟ್ಟಿಯಾದರೆ ಏನೂ ಇಲ್ಲ, ಇನ್ನೊಮ್ಮೆ ಬರೆದರಾಯಿತು. ಹಣದ ಲೆಕ್ಕವಾದರೆ ಹಾಗಲ್ಲ.

ಎಷ್ಟು ಸಾಲುಗಳಿವೆ ಎಂಬ ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಆದರೆ ಅದರ ತೂಕ ಕಡಿಮೆ. ಸಾಲಿಗೆ 100 ಬೈಟ್ ಅಂದುಕೊಂಡರೆ ಒಂದು ಲಕ್ಷ ಸಾಲಿನ ಫೈಲ್ ಬರೀ 10 ಎಂಬಿ. ಅಷ್ಟನ್ನೂ ಪ್ರತಿ ಸಲ ಮೊದಲಿಂದ ಕೊನೆಯವರೆಗೆ ಓದಿದರೂ ಇವತ್ತಿನ ಕಂಪ್ಯೂಟರ್‌ಗೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ಕಡೆ, ನಾಲ್ಕು ಜನ ಒಟ್ಟಿಗೆ ತಿದ್ದುವ 500 ಸಾಲಿನ ಫೈಲ್ ಒಂದೇ ವಾರದಲ್ಲಿ ಕೆಡಬಹುದು.

ಬರೆಯುವವರು ಒಬ್ಬರೇ, ಪಟ್ಟಿ ಒಂದೇ ಆಗಿದ್ದರೆ ಟೆಕ್ಸ್ಟ್ ಫೈಲ್ ಅಥವಾ ಸ್ಪ್ರೆಡ್‌ಶೀಟ್ ಸಾಕು. ಪಟ್ಟಿಗಳು ಹಲವಿದ್ದು ಎಲ್ಲ ಒಂದೇ ಕಂಪ್ಯೂಟರಿನಲ್ಲಿ ನಡೆಯುವುದಾದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡಿಬಿಎಂಎಸ್. ಬೇರೆ ಬೇರೆ ಕಂಪ್ಯೂಟರ್‌ಗಳಿಂದ ಹಲವರು ಬರೆಯುವುದಾದರೆ ಸರ್ವರ್ ಡಿಬಿಎಂಎಸ್, ಅಂದರೆ ಒಂದು ಕಂಪ್ಯೂಟರಿನಲ್ಲಿ ಸದಾ ಓಡುತ್ತಾ ಉಳಿದವುಗಳ ಕೋರಿಕೆಗಳನ್ನು ನಡೆಸಿಕೊಡುವಂಥದ್ದು.

ಟೆಕ್ಸ್ಟ್ ಫೈಲಿನಲ್ಲಿ ಇಡುವುದಾದರೆ

ಸಿಎಸ್‌ವಿ ಬಳಸಿ. ಮೊದಲ ಸಾಲಿನಲ್ಲಿ ಕಾಲಂಗಳ ಹೆಸರು, ಆಮೇಲೆ ಒಂದು ಎಂಟ್ರಿಗೆ ಒಂದು ಸಾಲು. ಪ್ರತಿ ಸಾಲಿಗೂ ಎಂದೂ ಬದಲಾಗದ, ಮತ್ತೆ ಬಳಸದ ಒಂದು ಸಂಖ್ಯೆ ಕೊಡಿ. ಹೆಸರನ್ನೇ ಗುರುತಾಗಿ ಇಟ್ಟುಕೊಂಡರೆ ಅದೇ ಹೆಸರಿನ ಇನ್ನೊಬ್ಬರು ಸೇರಿದ ದಿನ ಕೆಲಸ ಕೆಡುತ್ತದೆ. ತಾರೀಖನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ, 2024-03-09 ಎಂಬಂತೆ ಬರೆಯಿರಿ. ಹಾಗೆ ಬರೆದರೆ ಅಕ್ಷರಗಳಂತೆ ವಿಂಗಡಿಸಿದರೂ ಕಾಲಕ್ರಮ ತಪ್ಪುವುದಿಲ್ಲ.

ಸಿಎಸ್‌ವಿಯಲ್ಲಿ ಕಾಲಂಗಳನ್ನು ಬೇರ್ಪಡಿಸುವುದು ಅಲ್ಪವಿರಾಮ. ಪುಸ್ತಕದ ಹೆಸರಿನಲ್ಲೇ ಅಲ್ಪವಿರಾಮ ಇದ್ದರೆ ಆ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಹೆಸರಿನೊಳಗೇ ಉದ್ಧರಣ ಚಿಹ್ನೆ ಇದ್ದರೆ ಅದನ್ನು ಎರಡು ಸಲ ಬರೆಯಬೇಕು. ಪ್ರೋಗ್ರಾಂ ಬರೆಯುವವರು ಸಾಲನ್ನು ಅಲ್ಪವಿರಾಮದ ಹತ್ತಿರ ಸುಮ್ಮನೆ ಕತ್ತರಿಸಬಾರದು. ಪೈಥಾನ್ ಮುಂತಾದ ಭಾಷೆಗಳ ಜೊತೆ ಬರುವ ಸಿಎಸ್‌ವಿ ಲೈಬ್ರರಿಯನ್ನೇ ಬಳಸಿ, ಈ ನಿಯಮಗಳೆಲ್ಲ ಅದಕ್ಕೆ ಗೊತ್ತು.

ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಕ್ರಮ) ಉಳಿಸಿ. ಕನ್ನಡವಿರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ವಿಚಿತ್ರ ಚಿಹ್ನೆಗಳು ಕಂಡರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಫೈಲಿನ ಮೊದಲಲ್ಲಿ ‘ಬಾಮ್’ ಎಂಬ ಗುರುತು ಇಲ್ಲದ್ದರಿಂದ ಎಕ್ಸೆಲ್ ಅದನ್ನು ಬೇರೆ ಎನ್‌ಕೋಡಿಂಗ್ ಅಂತ ಓದಿದೆ, ಅಷ್ಟೇ. ಆ ಸ್ಥಿತಿಯಲ್ಲಿ ಸೇವ್ ಒತ್ತಿದರೆ ಮಾತ್ರ ನಿಜಕ್ಕೂ ಕೆಡುತ್ತದೆ. ಮುಚ್ಚಿ, ಡೇಟಾ ಮೆನುವಿನ ಮೂಲಕ ಇಂಪೋರ್ಟ್ ಮಾಡಿ, ಯುಟಿಎಫ್-8 ಆರಿಸಿ.

ಕನ್ನಡದಲ್ಲಿ ಎಂಟ್ರಿ ಮಾಡುವವರು ಇನ್ನೊಂದನ್ನು ತಿಳಿದಿರಬೇಕು, ಏಕೆಂದರೆ ಇದು ಯಾವ ಸಾಫ್ಟ್‌ವೇರಿಗೆ ಹೋದರೂ ಬೆನ್ನು ಬಿಡುವುದಿಲ್ಲ. ‘ಕೊ’ ಅಕ್ಷರದ ಒ-ಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎ-ಕಾರದ ಮುಂದೆ ಊ-ಕಾರದ ಚಿಹ್ನೆ ಇಟ್ಟು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬೈಟುಗಳು ಬೇರೆ. ‘ಸಾಫ್ಟ್‌ವೇರ್’ ಪದದ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರವೂ ಇರುತ್ತದೆ. ಹುಡುಕುವವರು ಅದಿಲ್ಲದೆ ಟೈಪ್ ಮಾಡಿದರೆ ಹಲವು ಕಡೆ ಸಿಗುವುದಿಲ್ಲ. ಪರಿಹಾರ: ಪ್ರತಿ ಎಂಟ್ರಿಯನ್ನೂ ಉಳಿಸುವ ಮುನ್ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಚಿಹ್ನೆಯಾಗಿಸುವ ಯುನಿಕೋಡ್ ರೂಪಕ್ಕೆ, ತನ್ನಿ, ಹುಡುಕಾಟಕ್ಕೆಂದೇ ಆ ಕಾಣದ ಅಕ್ಷರ ತೆಗೆದ ಇನ್ನೊಂದು ಕಾಲಂ ಇಡಿ.

ಇನ್ನು ಬರೆಯುವ ವಿಧಾನ. ಇರುವ ಫೈಲಿನ ಮೇಲೆಯೇ ನೇರವಾಗಿ ಬರೆಯುವಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಿಮ್ಮ ಸ್ಕ್ರಿಪ್ಟ್ ಹೀಗೆ ಮಾಡಲಿ: ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆಯಲಿ, ‘ಎಫ್‌ಸಿಂಕ್’ ಕರೆದು ಡಿಸ್ಕಿಗೆ ಮುಟ್ಟಿಸಲಿ, ಆಮೇಲೆ ಅದರ ಹೆಸರನ್ನು ಹಳೆಯ ಫೈಲಿನ ಹೆಸರಿಗೆ ಬದಲಿಸಲಿ. ಲಿನಕ್ಸ್, ಮ್ಯಾಕ್‌ಗಳಲ್ಲಿ ಈ ಹೆಸರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ: ಓದುವವರಿಗೆ ಹಳೆಯದು ಸಿಗುತ್ತದೆ, ಇಲ್ಲವೇ ಹೊಸದು, ಅರ್ಧ ಮಾತ್ರ ಸಿಗುವುದಿಲ್ಲ. ತಾತ್ಕಾಲಿಕ ಫೈಲ್ ಬೇರೆ ಡಿಸ್ಕಿನಲ್ಲಿದ್ದರೆ ಈ ಭರವಸೆ ಇಲ್ಲ. ಹಳೆಯ ಆವೃತ್ತಿಗಳು ಬೇಕಿದ್ದರೆ ಫೋಲ್ಡರನ್ನು ಗಿಟ್ ಎಂಬ, ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಪ್ರೋಗ್ರಾಮಿನಲ್ಲಿ ಇಡಿ. ಯಾವ ಸಾಲು ಯಾವತ್ತು ಬದಲಾಯಿತು ಅಂತ ಹೇಳುವುದರಲ್ಲಿ ಟೆಕ್ಸ್ಟ್ ಫೈಲ್ ಜೊತೆ ಗಿಟ್ ಎಷ್ಟೋ ಡಿಬಿಎಂಎಸ್‌ಗಳಿಗಿಂತ ವಾಸಿ.

ಸ್ಪ್ರೆಡ್‌ಶೀಟ್: ಏನು ಕೆಡುತ್ತದೆ, ಏಕೆ

ಸ್ಪ್ರೆಡ್‌ಶೀಟ್ ಮೂಲತಃ ಲೆಕ್ಕದ ಹಾಳೆ. ನೀವು ಟೈಪ್ ಮಾಡಿದ್ದನ್ನು ಸಂಖ್ಯೆ ಅಥವಾ ತಾರೀಖು ಅಂತ ಊಹಿಸುವುದು ಅದರ ಸ್ವಭಾವ. ಕಪಾಟಿನ ಗುರುತು 3-4 ಅಂತ ಬರೆದರೆ ತಾರೀಖಾಗುತ್ತದೆ. ಸೊನ್ನೆಯಿಂದ ಶುರುವಾಗುವ ಸದಸ್ಯ ಸಂಖ್ಯೆಯ ಸೊನ್ನೆ ಮಾಯ. 13 ಅಂಕಿಯ ಐಎಸ್‌ಬಿಎನ್ (ಪುಸ್ತಕದ ಅಂತಾರಾಷ್ಟ್ರೀಯ ಗುರುತು ಸಂಖ್ಯೆ) ಮಾಮೂಲಿ ಸೆಲ್‌ನಲ್ಲಿ 9.78ಇ+12 ಅಂತ ಕಾಣುತ್ತದೆ. ಅದನ್ನು ಹಾಗೇ ಸಿಎಸ್‌ವಿಗೆ ಉಳಿಸಿದರೆ ಕಂಡಷ್ಟೇ ಉಳಿದು ಮಿಕ್ಕ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ. ಎಕ್ಸೆಲ್ ಸಂಖ್ಯೆಗಳನ್ನು 15 ಅಂಕಿಯವರೆಗೆ ಮಾತ್ರ ನಿಖರವಾಗಿ ಇಡುತ್ತದೆ, 16ನೆಯದು ಸೊನ್ನೆಯಾಗುತ್ತದೆ. ಈ ಊಹೆಯ ಕಾಟ ಎಷ್ಟರಮಟ್ಟಿಗೆ ಹೋಯಿತೆಂದರೆ, ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ‘ಮಾರ್ಚ್1’, ‘ಸೆಪ್ಟ್1’ ಮುಂತಾದ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು.

ಆದ್ದರಿಂದ ಒಂದಕ್ಷರ ಟೈಪ್ ಮಾಡುವ ಮುನ್ನವೇ ಸಂಖ್ಯೆ, ಕೋಡ್, ಫೋನ್, ಐಎಸ್‌ಬಿಎನ್ ಕಾಲಂಗಳನ್ನು ಆರಿಸಿ ಫಾರ್ಮ್ಯಾಟ್ ‘ಟೆಕ್ಸ್ಟ್’ ಅಂತ ಬದಲಿಸಿ. ಎಂಟ್ರಿ ಆದ ಮೇಲೆ ಬದಲಿಸಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ. ನಂತರ ಪೂರ್ತಿ ಪಟ್ಟಿಯನ್ನು ಆರಿಸಿ ಕಂಟ್ರೋಲ್-ಟಿ ಒತ್ತಿ ‘ಟೇಬಲ್’ ಮಾಡಿ. ಹಾಗೆ ಮಾಡದೆ ಒಂದೇ ಕಾಲಂ ಆರಿಸಿ ವಿಂಗಡಿಸಿದರೆ ಹೆಸರುಗಳು ಮಾತ್ರ ಸ್ಥಳ ಬದಲಿಸಿ ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಮುಂದೆ ಬಂದು ಕೂರುತ್ತದೆ. ಸೇವ್ ಮಾಡಿ ಮುಚ್ಚಿಬಿಟ್ಟರೆ ಹಳೆಯ ಬ್ಯಾಕಪ್ ಬಿಟ್ಟು ಬೇರೆ ದಾರಿ ಇಲ್ಲ. ಒಂದು ಶೀಟಿನಲ್ಲಿ ಒಂದೇ ಪಟ್ಟಿ ಇರಲಿ, ಸೆಲ್‌ಗಳನ್ನು ಮರ್ಜ್ ಮಾಡಬೇಡಿ, ನಡುವೆ ಖಾಲಿ ಸಾಲು ಬಿಡಬೇಡಿ. ಬಣ್ಣವನ್ನೇ ಮಾಹಿತಿಯಾಗಿ ಬಳಸಬೇಡಿ: ‘ಕೆಂಪು ಬಣ್ಣ ಅಂದರೆ ಕಳೆದುಹೋದ ಪುಸ್ತಕ’ ಎಂಬುದು ಸಿಎಸ್‌ವಿಗೆ ಹೋಗುವುದಿಲ್ಲ. ‘ಸ್ಥಿತಿ’ ಎಂಬ ಕಾಲಂ ಮಾಡಿ.

ಡೇಟಾ ವ್ಯಾಲಿಡೇಷನ್ ಹಾಕಿ ತಪ್ಪು ಎಂಟ್ರಿ ತಡೆಯಬಹುದು, ಹಾಕಲೇಬೇಕು. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಎಕ್ಸೆಲ್‌ನಲ್ಲಿ ಆ ತಡೆ ಕೆಲಸ ಮಾಡುವುದಿಲ್ಲ. ಡಿಬಿಎಂಎಸ್‌ನ ನಿಯಮಕ್ಕೂ ಶೀಟಿನ ನಿಯಮಕ್ಕೂ ಇರುವ ನಿಜವಾದ ಅಂತರ ಇದು.

ಮಿತಿಗಳೂ ಇವೆ. ಈಗಿನ ಎಕ್ಸೆಲ್ ಶೀಟಿಗೆ 10,48,576 ಸಾಲು, 16,384 ಕಾಲಂ. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಗೆ 65,536 ಸಾಲು ಮಾತ್ರ. ಗೂಗಲ್ ಶೀಟ್ಸ್‌ಗೆ ಒಟ್ಟು ಒಂದು ಕೋಟಿ ಸೆಲ್. 2020ರ ಸೆಪ್ಟೆಂಬರ್ ಕೊನೆಯ ವಾರ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದದ್ದು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಈ ಮಿತಿಯಿಂದಲೇ. ಒಂದೊಂದು ಪ್ರಕರಣಕ್ಕೂ ಹಲವು ಸಾಲುಗಳು ಬೇಕಾಗುತ್ತಿದ್ದವು, ಮಿತಿ ಮೀರಿದ ಸಾಲುಗಳು ಕೈಬಿಟ್ಟುಹೋದವು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು.

ಗೂಗಲ್ ಶೀಟ್ಸ್‌ನಂಥ ಆನ್‌ಲೈನ್ ಶೀಟಿನಲ್ಲಿ ಹಲವರು ಒಟ್ಟಿಗೆ ತಿದ್ದಬಹುದು, ಒಬ್ಬರ ಫೈಲ್ ಇನ್ನೊಬ್ಬರ ಫೈಲನ್ನು ನುಂಗುವ ತೊಂದರೆ ಅಲ್ಲಿಲ್ಲ. ಆದರೆ ಒಂದೇ ಪುಸ್ತಕವನ್ನು ಇಬ್ಬರಿಗೆ ಕೊಟ್ಟಂತೆ ಇಬ್ಬರು ಎರಡು ಸಾಲು ಸೇರಿಸಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ.

ನಡುವಿನ ದಾರಿ: ಎಸ್‌ಕ್ಯೂಲೈಟ್

ಡಿಬಿಎಂಎಸ್ ಅಂದ ಕೂಡಲೇ ಸರ್ವರ್, ಪಾಸ್‌ವರ್ಡ್, ಅದನ್ನು ನೋಡಿಕೊಳ್ಳುವ ಒಬ್ಬ ನೌಕರ ಅಂತ ಯೋಚಿಸಬೇಕಿಲ್ಲ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್‌ಗೆ ಸರ್ವರ್ ಇಲ್ಲ. ಅದು ನಿಮ್ಮ ಪ್ರೋಗ್ರಾಮಿನೊಳಗೆ ಸೇರಿಕೊಳ್ಳುವ ಒಂದು ಪುಟ್ಟ ಲೈಬ್ರರಿ, ಡೇಟಾಬೇಸ್ ಪೂರ್ತಿ ಒಂದೇ ಫೈಲ್, ಬಳಕೆ ಉಚಿತ. ಆಂಡ್ರಾಯ್ಡ್ ಫೋನ್‌ಗಳಲ್ಲಿ, ಫೈರ್‌ಫಾಕ್ಸ್, ಕ್ರೋಮ್ ಬ್ರೌಸರ್‌ಗಳಲ್ಲಿ ಅದು ಈಗಾಗಲೇ ಇದೆ. ಶೀಟ್ ಸಾಲದು ಅನ್ನಿಸಿದವರು ಮೊದಲು ನೋಡಬೇಕಾದದ್ದು ಇದನ್ನೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಮಾಂಡ್ ಟೈಪ್ ಮಾಡಲು ಹಿಂಜರಿಕೆ ಇದ್ದರೆ ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಎಂಬ ಉಚಿತ ಪ್ರೋಗ್ರಾಂ ಇದೆ.

ಶೀಟಿನಿಂದ ಇದಕ್ಕೆ ಸಾಗಿಸುವ ಕ್ರಮ ಹೀಗೆ.

1. ಮೂಲ ಶೀಟಿನ ಒಂದು ಪ್ರತಿ ಬೇರೆ ಕಡೆ ಇಡಿ, ಅದನ್ನು ಮುಟ್ಟಬೇಡಿ.

2. ಪುಸ್ತಕ, ಸದಸ್ಯ, ಎರವಲು ಎಂದು ಮೂರು ಶೀಟಾಗಿ ಒಡೆಯಿರಿ. ಎರವಲು ಶೀಟಿನಲ್ಲಿ ಹೆಸರುಗಳು ಬೇಡ: ಪುಸ್ತಕದ ಸಂಖ್ಯೆ, ಸದಸ್ಯರ ಸಂಖ್ಯೆ, ಕೊಟ್ಟ ದಿನ, ಮರಳಿದ ದಿನ ಇಷ್ಟೇ. ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ ಎರಡಕ್ಕೂ ಬೇರೆ ಸಂಖ್ಯೆ. ಮೂರನ್ನೂ ಸಿಎಸ್‌ವಿಯಾಗಿ ಉಳಿಸಿ.

3. ಮೂರು ಟೇಬಲ್ ಮಾಡಿ. ಖಾಲಿ ಬಿಡಬಾರದ ಕಾಲಂಗೆ ‘ನಾಟ್ ನಲ್’, ಎರವಲು ಟೇಬಲ್‌ನ ಎರಡು ಸಂಖ್ಯೆಗಳಿಗೆ ‘ರೆಫರೆನ್ಸಸ್’ (ಆ ಸಂಖ್ಯೆ ಪುಸ್ತಕ, ಸದಸ್ಯ ಟೇಬಲ್‌ಗಳಲ್ಲಿ ಇರಲೇಬೇಕೆಂಬ ನಿಯಮ) ಹಾಕಿ. ಟೇಬಲ್ ವ್ಯಾಖ್ಯೆಯ ಕೊನೆಗೆ ‘ಸ್ಟ್ರಿಕ್ಟ್’ ಸೇರಿಸಿ. ಅದಿಲ್ಲದಿದ್ದರೆ ಸಂಖ್ಯೆಯ ಕಾಲಂನಲ್ಲಿ ಅಕ್ಷರ ಬರೆದರೂ ಎಸ್‌ಕ್ಯೂಲೈಟ್ ಒಪ್ಪಿಕೊಳ್ಳುತ್ತದೆ. ಈ ಸೌಲಭ್ಯ 2021ರಲ್ಲಿ ಬಂದ 3.37ರಿಂದ ಈಚೆಗಿನ ಆವೃತ್ತಿಗಳಲ್ಲಿದೆ.

4. ಕಮಾಂಡ್ ಸಾಲಿನಲ್ಲಿ ಮೋಡ್ ಸಿಎಸ್‌ವಿ ಮಾಡಿ ಇಂಪೋರ್ಟ್ ಕೊಡಿ, ಜೊತೆಗೆ ‘ಸ್ಕಿಪ್ 1’ ಆಯ್ಕೆ ಇರಲಿ. ಟೇಬಲ್ ಮೊದಲೇ ಇದ್ದರೆ ಅದು ಕಾಲಂ ಹೆಸರಿನ ಸಾಲನ್ನೂ ಎಂಟ್ರಿ ಅಂತಲೇ ತಿಳಿಯುತ್ತದೆ.

5. ಇಲ್ಲಿ ಬಹಳ ಜನ ಎಡವುತ್ತಾರೆ. ಸಿಎಸ್‌ವಿಯ ಖಾಲಿ ಜಾಗ ಇಂಪೋರ್ಟ್ ಆದಾಗ ‘ನಲ್’ (ಮಾಹಿತಿಯೇ ಇಲ್ಲ ಎಂಬ ಗುರುತು) ಆಗುವುದಿಲ್ಲ, ಖಾಲಿ ಅಕ್ಷರಮಾಲೆಯಾಗಿ ಕೂರುತ್ತದೆ. ಇನ್ನೂ ಮರಳದ ಪುಸ್ತಕಗಳನ್ನು ‘ಮರಳಿದ ದಿನ ನಲ್’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಖಾಲಿ ಇರುವ ಎಲ್ಲ ಮರಳಿದ ದಿನಗಳನ್ನೂ ಒಂದು ಅಪ್‌ಡೇಟ್ ಕೊಟ್ಟು ನಲ್ ಮಾಡಿ.

6. ಈಗ ಎರವಲು ಟೇಬಲ್ ಮೇಲೆ ಪುಸ್ತಕದ ಸಂಖ್ಯೆಗೆ ಒಂದು ‘ಯುನೀಕ್ ಇಂಡೆಕ್ಸ್’ ಮಾಡಿ, ಷರತ್ತು: ಮರಳಿದ ದಿನ ನಲ್ ಇರುವ ಸಾಲುಗಳಿಗೆ ಮಾತ್ರ. ಇದರ ಅರ್ಥ, ಒಂದು ಪುಸ್ತಕ ಒಂದು ಹೊತ್ತಿಗೆ ಒಬ್ಬರ ಹತ್ತಿರ ಮಾತ್ರ ಇರಬಹುದು. ಹಳೆಯ ಎರವಲುಗಳು ಎಷ್ಟಿದ್ದರೂ ಅಡ್ಡಿಯಿಲ್ಲ. ಇಂಡೆಕ್ಸ್ ಮಾಡಲು ಹೋದಾಗ ಯುನೀಕ್ ದೋಷ ಬಂದರೆ ನಿಮ್ಮ ಹಳೆಯ ಶೀಟಿನಲ್ಲಿ ಒಂದೇ ಪುಸ್ತಕ ಈಗಾಗಲೇ ಇಬ್ಬರ ಹೆಸರಿನಲ್ಲಿದೆ ಅಂತ. ಆ ಸಾಲುಗಳನ್ನು ಹುಡುಕಿ ಸರಿಪಡಿಸಿ ಮತ್ತೆ ಮಾಡಿ. ಇನ್ನು ಮುಂದೆ ಯಾವ ಪ್ರೋಗ್ರಾಮಿನಿಂದ, ಯಾರು, ಪೇಸ್ಟ್ ಮಾಡಿಯೇ ಬರೆದರೂ ಈ ತಪ್ಪು ಒಳಗೆ ಬರುವುದಿಲ್ಲ.

7. ‘ಫಾರಿನ್ ಕೀ ಚೆಕ್’ ಎಂಬ ಪ್ರಾಗ್ಮಾ (ಎಸ್‌ಕ್ಯೂಲೈಟ್‌ಗೆ ಕೊಡುವ ಒಂದು ವಿಶೇಷ ಆದೇಶ) ಓಡಿಸಿ. ಇಲ್ಲದ ಸದಸ್ಯರ, ಇಲ್ಲದ ಪುಸ್ತಕದ ಎರವಲುಗಳನ್ನು ಅದು ಪಟ್ಟಿ ಮಾಡುತ್ತದೆ. ಅವನ್ನು ತಿದ್ದಿದ ಮೇಲೆ, ನಿಮ್ಮ ಪ್ರೋಗ್ರಾಂ ಪ್ರತಿ ಸಲ ಡೇಟಾಬೇಸ್ ತೆರೆದಾಗಲೂ ‘ಫಾರಿನ್ ಕೀಸ್’ ಪ್ರಾಗ್ಮಾವನ್ನು ಆನ್ ಮಾಡುವಂತೆ ಬರೆಯಿರಿ. ಇದು ಸಾಮಾನ್ಯವಾಗಿ ಆಫ್ ಇರುತ್ತದೆ, ಫೈಲಿನಲ್ಲಿ ಉಳಿಯುವುದೂ ಇಲ್ಲ. ‘ರೆಫರೆನ್ಸಸ್ ಹಾಕಿದ್ದರೂ ತಪ್ಪು ಎಂಟ್ರಿ ಬರುತ್ತಿದೆ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಒಟ್ಟಿಗೆ ಸಾವಿರಾರು ಸಾಲು ಸೇರಿಸುವಾಗ ಶುರುವಿನಲ್ಲಿ ‘ಬಿಗಿನ್’, ಕೊನೆಯಲ್ಲಿ ‘ಕಮಿಟ್’ ಕೊಡಿ. ಇಲ್ಲದಿದ್ದರೆ ಒಂದೊಂದು ಸಾಲೂ ಒಂದೊಂದು ಟ್ರಾನ್ಸಾಕ್ಷನ್ ಆಗಿ, ಪ್ರತಿ ಸಲ ಡಿಸ್ಕಿಗೆ ಮುಟ್ಟುವವರೆಗೆ ಕಾಯುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸೆಕೆಂಡಿಗೆ ಕೆಲವು ಹತ್ತು ಟ್ರಾನ್ಸಾಕ್ಷನ್ ಮಾತ್ರ ಸಾಧ್ಯ, ಒಂದೇ ಟ್ರಾನ್ಸಾಕ್ಷನ್ನಿನೊಳಗಾದರೆ ಸೆಕೆಂಡಿಗೆ ಹತ್ತಾರು ಸಾವಿರ ಸಾಲು ಸೇರುತ್ತವೆ.

ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಇನ್ನೊಬ್ಬರು ಬಂದರೆ ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಸಂದೇಶ ಬರುತ್ತದೆ. ಜರ್ನಲ್ ಮೋಡನ್ನು ‘ವಾಲ್’ಗೆ (ಹೊಸ ಎಂಟ್ರಿಗಳನ್ನು ಮೊದಲು ಪಕ್ಕದ ಫೈಲಿಗೆ ಬರೆಯುವ ವಿಧಾನ) ಬದಲಿಸಿ, ಆಗ ಬರೆಯುವವರು ಓದುವವರನ್ನು ತಡೆಯುವುದಿಲ್ಲ. ‘ಬ್ಯುಸಿ ಟೈಮ್‌ಔಟ್’ 5000 ಮಿಲಿಸೆಕೆಂಡ್ ಇಡಿ, ಆಗ ಕೂಡಲೇ ಸೋಲದೆ ಐದು ಸೆಕೆಂಡ್ ಸರದಿ ಕಾಯುತ್ತದೆ. ಫೈಲನ್ನು ಮಾತ್ರ ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಹಲವು ಕಂಪ್ಯೂಟರ್‌ಗಳಿಂದ ತೆರೆಯಬೇಡಿ. ನೆಟ್‌ವರ್ಕ್ ಫೋಲ್ಡರುಗಳ ಬೀಗವನ್ನು ನಂಬಲಾಗದು, ಡೇಟಾಬೇಸ್ ಕೆಡುತ್ತದೆ. ವಾಲ್ ಮೋಡ್ ಅಂತೂ ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ.

ಬ್ಯಾಕಪ್‌ಗೆ ಫೈಲನ್ನು ಸುಮ್ಮನೆ ಕಾಪಿ ಮಾಡುವುದೂ ತಪ್ಪು. ವಾಲ್ ಮೋಡಿನಲ್ಲಿ ಇತ್ತೀಚಿನ ಎಂಟ್ರಿಗಳು ಪಕ್ಕದ ‘ವಾಲ್’ ಫೈಲಿನಲ್ಲಿ ಇರಬಹುದು, ಮುಖ್ಯ ಫೈಲ್ ಮಾತ್ರ ಎತ್ತಿದರೆ ಅವು ಹೋದಂತೆಯೇ. ‘ಬ್ಯಾಕಪ್’ ಕಮಾಂಡ್ ಅಥವಾ ‘ವ್ಯಾಕ್ಯೂಮ್ ಇನ್‌ಟು’ ಬಳಸಿ. ಬಂದ ಪ್ರತಿಯನ್ನು ಬೇರೆ ಕಡೆ ತೆರೆದು ‘ಇಂಟೆಗ್ರಿಟಿ ಚೆಕ್’ ಓಡಿಸಿ, ‘ಓಕೆ’ ಅಂತ ಬರಬೇಕು.

ಸರ್ವರ್ ಯಾವಾಗ

ಎರಡು ಮೂರು ಕಂಪ್ಯೂಟರ್‌ಗಳಿಂದ ದಿನವಿಡೀ ಬರೆಯಬೇಕಾದಾಗ, ಒಬ್ಬೊಬ್ಬರಿಗೆ ಬೇರೆ ಬೇರೆ ಅಧಿಕಾರ ಕೊಡಬೇಕಾದಾಗ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ಗೆ ಹೋಗಿ. ಮೇಲೆ ಹೇಳಿದ ಷರತ್ತಿನ ಯುನೀಕ್ ಇಂಡೆಕ್ಸ್ ಪೋಸ್ಟ್‌ಗ್ರೆಸ್‌ನಲ್ಲೂ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ. ಅದೇ ನಿಯಮವನ್ನು ಅಲ್ಲಿ ಸುತ್ತಿ ಬಳಸಿ ಬರೆಯಬೇಕಾಗುತ್ತದೆ.

ಪ್ರೋಗ್ರಾಂಗೆ ಅಡ್ಮಿನ್ ಖಾತೆ ಕೊಡಬೇಡಿ, ಟೇಬಲ್ ಅಳಿಸುವ ಅಧಿಕಾರವಿಲ್ಲದ ಬೇರೆ ಖಾತೆ ಮಾಡಿ. ಪೋಸ್ಟ್‌ಗ್ರೆಸ್‌ನ 5432, ಮೈಎಸ್‌ಕ್ಯೂಎಲ್‌ನ 3306 ಪೋರ್ಟುಗಳನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ಪೋಸ್ಟ್‌ಗ್ರೆಸ್ ಸಾಮಾನ್ಯ ಸೆಟ್ಟಿಂಗ್‌ನಲ್ಲಿ 100 ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ. ಪ್ರೋಗ್ರಾಂ ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದು ಮುಚ್ಚದೆ ಬಿಟ್ಟರೆ ಆ ನೂರೂ ಬೇಗ ಮುಗಿದುಹೋಗುತ್ತವೆ. ಬ್ಯಾಕಪ್‌ಗೆ ‘ಪಿಜಿ ಡಂಪ್’ ಬಳಸಿ, ಸರ್ವರ್ ಓಡುತ್ತಿದ್ದರೂ ಅದು ಒಂದು ಕ್ಷಣದ ಸುಸಂಗತ ಚಿತ್ರವನ್ನೇ ತೆಗೆಯುತ್ತದೆ. ಓಡುತ್ತಿರುವ ಸರ್ವರಿನ ಡೇಟಾ ಫೋಲ್ಡರನ್ನು ನೇರವಾಗಿ ಕಾಪಿ ಮಾಡಿದರೆ ಆ ಪ್ರತಿಯನ್ನು ನಂಬುವಂತಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ರಿಸ್ಟೋರ್ ಮಾಡಿ, ಮೂರೂ ಟೇಬಲ್‌ಗಳ ಸಾಲುಗಳ ಸಂಖ್ಯೆಯನ್ನು ಮೂಲದ ಜೊತೆ ತಾಳೆ ನೋಡಿ. ಇಷ್ಟನ್ನೆಲ್ಲ ನೋಡಿಕೊಳ್ಳುವವರು ಇಲ್ಲದಿದ್ದರೆ ಸರ್ವರ್ ಹಾಕುವುದಕ್ಕಿಂತ ಎಸ್‌ಕ್ಯೂಲೈಟ್‌ನಲ್ಲೇ ಇರುವುದು ಕ್ಷೇಮ.

ಶೀಟ್ ಬಿಡುವ ಹೊತ್ತು ಬಂತೆಂದು ತಿಳಿಯುವುದು ಹೇಗೆ

ಫೋಲ್ಡರಿನಲ್ಲಿ ‘ಪಟ್ಟಿ’, ‘ಪಟ್ಟಿ ಹೊಸದು’, ‘ಪಟ್ಟಿ ಹೊಸದು 2’ ಎಂಬ ಫೈಲುಗಳು ಕಂಡರೆ, ಬರೆಯುವವರು ಒಬ್ಬರಿಗಿಂತ ಹೆಚ್ಚಾಗಿದ್ದಾರೆ. ಒಬ್ಬ ಸದಸ್ಯರ ಫೋನ್ ನಂಬರ್ ಬದಲಾದಾಗ ಹತ್ತು ಸಾಲು ತಿದ್ದಬೇಕಾದರೆ, ಒಂದೇ ಪಟ್ಟಿಯೊಳಗೆ ಎರಡು ಪಟ್ಟಿಗಳು ಸೇರಿಕೊಂಡಿವೆ. ‘ನಾನು ಮುಗಿಸುವವರೆಗೆ ಫೈಲ್ ತೆರೆಯಬೇಡಿ’ ಅಂತ ಒಬ್ಬರು ಇನ್ನೊಬ್ಬರಿಗೆ ಮೆಸೇಜ್ ಕಳಿಸುತ್ತಿದ್ದರೆ, ಬೀಗ ಹಾಕುವ ಕೆಲಸವನ್ನು ಮನುಷ್ಯರು ಮಾಡುತ್ತಿದ್ದಾರೆ. ಈ ಮೂರರಲ್ಲಿ ಎರಡು ಕಂಡ ವಾರವೇ ಸಾಗಣೆ ಶುರು ಮಾಡಿ, ಸಾಲುಗಳು ಕಡಿಮೆ ಇದ್ದಾಗ ತಪ್ಪು ಎಂಟ್ರಿಗಳನ್ನು ಕಣ್ಣಿನಿಂದಲೇ ಹಿಡಿಯಬಹುದು. ಸಾಗಿಸಿದ ಮೇಲೂ ಎಲ್ಲ ಟೇಬಲ್‌ಗಳನ್ನು ವರ್ಷಕ್ಕೊಮ್ಮೆ ಸಿಎಸ್‌ವಿಯಾಗಿ ಹೊರತೆಗೆದು ಇಡಿ, ಜೊತೆಗೆ ಯಾವ ಕಾಲಂ ಏನು ಎಂದು ವಿವರಿಸುವ ಒಂದು ಪುಟ. ಆ ಫೈಲುಗಳನ್ನು ತೆರೆಯಲು ಯಾವ ಡಿಬಿಎಂಎಸ್ ಕೂಡ ಬೇಕಿಲ್ಲ.